ಆಡಿಗೊಂದು ನಿಯಮ, ಹುಡುಗನಿಗೊಂದು ನಿಯಮ: ಕಥಾಸ್ಪರ್ಧೆಯ ತೀರ್ಪುಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ತೀರ್ಪುಗಾರರಿಗೆ, ಹಾಗೆಯೇ ಬೆಳಗಾವಿ ಜಿಲ್ಲೆಯಲ್ಲಿ ಮಕ್ಕಳಿಂದ ಕಥೆ ಬರೆಸುವ ಎಲ್ಲ ಸರ್‌ಗಳಿಗೆ, ಅಕ್ಕೋರಿಗೆ,

ನಮಸ್ಕಾರ.

ನಾನು ಬೆಳಗಾವಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಬಾಂಡ್ ಪೇಪರು, ಕಾಲೇಜು ಹುಡುಗರ ಪ್ರಾಜೆಕ್ಟು, ಇವೇ ದಿನದ ಕೆಲಸ. ಈ ಸಲದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳ ಒಂದು ಕಥೆ ಟೈಪ್ ಮಾಡಿಕೊಟ್ಟೆ. ಎಂಟನೇ ತರಗತಿ ಹುಡುಗಿ. ನೋಟ್‌ಬುಕ್ಕಿನಲ್ಲಿ 22 ಪುಟ ಬರೆದಿದ್ದಳು. ಹುಲ್ಲಿನಲ್ಲಿ ದುಂಡಗೆ ಏಳುವ ಅಣಬೆಗಳ ಬಳೆ, ಇಂಗ್ಲಿಷಿನಲ್ಲಿ ಫೇರಿ ರಿಂಗ್ ಅನ್ನುತ್ತಾರಲ್ಲ, ಆ ಕಿನ್ನರಿ ಬಳೆಯೊಳಗೆ ಸಿಕ್ಕಿಕೊಂಡ ಒಬ್ಬ ಹುಡುಗನ ಕಥೆ. ಅದನ್ನು ಮಕ್ಕಳ ಕಥಾಸ್ಪರ್ಧೆಗೆ ಕಳಿಸಿದೆವು. ಬಹುಮಾನ ಬರಲಿಲ್ಲ. ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ, ಬೇರೆ ಮಕ್ಕಳು ಇನ್ನೂ ಚೆನ್ನಾಗಿ ಬರೆದಿರಬಹುದು. ಆದರೆ ಹಾಳೆ ವಾಪಸ್ ಬಂದಾಗ ಕೊನೆಯ ಪುಟದ ಅಂಚಿನಲ್ಲಿ ಕೆಂಪು ಪೆನ್ನಿನ ಎರಡು ಸಾಲು ಇದ್ದವು. ಮೊದಲನೆಯದು: "ಒಂದೇ ಮಾಯಾಬಳೆ ಆಡಿಗೆ ಒಂದು ರೀತಿ, ಹುಡುಗನಿಗೆ ಒಂದು ರೀತಿ, ನಾಯಿಗೆ ಇನ್ನೊಂದು ರೀತಿ. ತರ್ಕವಿಲ್ಲ." ಅದರ ಕೆಳಗೆ: "ಇದು ನಮ್ಮ ನೆಲದ ಕಲ್ಪನೆಯಲ್ಲ."

ಅವಳು ಆ ಹಾಳೆಯನ್ನು ಎರಡು ಸಲ ಓದಿದಳು. ಏನೂ ಮಾತಾಡಲಿಲ್ಲ. ನೋಟ್‌ಬುಕ್ಕನ್ನು ಮಾಡದಲ್ಲಿ, ಎಣ್ಣೆ ಡಬ್ಬಿಯ ಹಿಂದೆ ಇಟ್ಟಳು. ಆಮೇಲೆ ಅದನ್ನು ಮುಟ್ಟಿಲ್ಲ.

ಅದಕ್ಕೇ ಈ ಪತ್ರ. ಆ ಎರಡು ಸಾಲುಗಳೂ ಸರಿಯಿಲ್ಲ ಅಂತ ನನಗೆ ಖಾತ್ರಿ ಇದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೊದಲು ಕಥೆ ಹುಟ್ಟಿದ ಜಾಗ ನೋಡೋಣ. ಅಕ್ಕನ ಮನೆ ಖಾನಾಪುರ ರಸ್ತೆಯ ಕಡೆ. ಮನೆ ಹಿಂದೆ ಒಂದು ಪಡ ಭೂಮಿ, ಕೆಂಪು ಮಣ್ಣು, ಮಳೆ ಬಿದ್ದರೆ ಮೊಣಕಾಲೆತ್ತರ ಹುಲ್ಲು. ಜುಲೈನಲ್ಲಿ ಒಂದು ಬೆಳಗ್ಗೆ ಅಲ್ಲಿ ಬಿಳಿ ಅಣಬೆಗಳು ಎದ್ದಿದ್ದವು. ನಮ್ಮವ್ವ ಅವಕ್ಕೆ ನಾಯಿಕೊಡಿ ಅನ್ನುತ್ತಾಳೆ. ಅಲ್ಲೊಂದು ಇಲ್ಲೊಂದು ಅಲ್ಲ, ಯಾರೋ ದಾರ ಹಿಡಿದು ಗೆರೆ ಎಳೆದು ನೆಟ್ಟ ಹಾಗೆ ದುಂಡಗೆ. ಹುಡುಗಿ ನನಗೆ ಫೋನ್ ಮಾಡಿ ಕರೆಸಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ನನ್ನ ಹೆಜ್ಜೆಯಲ್ಲಿ ಎಂಟು ಹೆಜ್ಜೆ. ಅಣಬೆಗಳ ಹೊರಗಡೆ ಹುಲ್ಲು ಕಡು ಹಸಿರು, ಉಳಿದ ಹುಲ್ಲಿಗಿಂತ ನಾಲ್ಕು ಬೆರಳು ಎತ್ತರ. ಒಳಗಡೆ ಒಂದು ಗೇಣು ಅಗಲದ ಪಟ್ಟಿಯಲ್ಲಿ ಹುಲ್ಲು ಸುಟ್ಟ ಹಾಗೆ ಒಣಗಿತ್ತು. ಅದಕ್ಕೂ ಒಳಗೆ, ನಡುವೆ, ಮತ್ತೆ ಸಾದಾ ಹುಲ್ಲು.

ಮುಂದೆ ಒಂದು ವಾರ ಮಳೆ ಬಿಟ್ಟಿತ್ತು. ಆಗ ಅವಳು ಚೆಂಬಿನಲ್ಲಿ ನೀರು ತಂದು ಮೂರೂ ಕಡೆ ಹಾಕಿದಳು. ಹೊರಗಿನ ಹಸಿರಿನಲ್ಲಿ ನೀರು ಇಂಗಿತು. ನಡುವಿನಲ್ಲೂ ಇಂಗಿತು. ಆ ಒಣ ಪಟ್ಟಿಯಲ್ಲಿ ಮಾತ್ರ ನೀರು ಕೆಸುವಿನ ಎಲೆ ಮೇಲೆ ನಿಂತ ಹಾಗೆ ಹನಿಹನಿಯಾಗಿ ಉರುಳಿ ಪಕ್ಕಕ್ಕೆ ಹೋಯಿತು. ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಅಷ್ಟರಲ್ಲಿ ಪಕ್ಕದ ಮನೆಯ ಆಡು ಬಂದು, ಹೊರಗಿನ ಹಸಿರು ಹುಲ್ಲನ್ನು ಕಿತ್ತು ತಿಂದು, ಅಣಬೆ ದಾಟಿ ಒಳಗೆ ಹೋಗಿ, ಸುಮ್ನೆ ನಿಂತು ಮೆಲುಕು ಹಾಕತೊಡಗಿತು.

ಕಥೆ ಶುರುವಾಗಿದ್ದು ಅಲ್ಲಿ. ಇದು ನಮ್ಮ ನೆಲದ್ದಲ್ಲ ಅಂದರೆ ಇನ್ಯಾರ ನೆಲದ್ದು ಹೇಳಿ?

ಈಗ ಆ ಬಳೆ ಹೇಗೆ ಆಗುತ್ತದೆ ಅನ್ನೋದು. ಅಣಬೆ ಅಂದರೆ ಮೇಲೆ ಕಾಣುವ ಕೊಡೆ ಅಷ್ಟೇ ಅಲ್ಲ. ನಿಜವಾದ ಜೀವ ಮಣ್ಣೊಳಗೆ ಬಿಳಿ ನೂಲಿನ ಹಾಗೆ ಹಬ್ಬಿರುತ್ತದೆ. ಅದು ಒಂದು ಬಿಂದುವಿನಿಂದ ಶುರುವಾಗಿ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. ನಡುವಿನ ಆಹಾರ ಮುಗಿದಾಗ ಅಲ್ಲಿನ ಎಳೆ ಸಾಯುತ್ತದೆ, ಅಂಚು ಮಾತ್ರ ಮುಂದೆ ಹೋಗುತ್ತಾ ಇರುತ್ತದೆ. ಮಳೆ ಬಿದ್ದಾಗ ಆ ಅಂಚಿನಲ್ಲೇ ಕೊಡೆಗಳು ಏಳುತ್ತವೆ, ಅದಕ್ಕೇ ದುಂಡಗೆ. ಇದು ಅಣಬೆಯ ಕೆಲಸ ಅಂತ ಇಂಗ್ಲೆಂಡಿನಲ್ಲಿ ವಿಲಿಯಂ ವಿದರಿಂಗ್ ಅನ್ನೋ ವೈದ್ಯ 18ನೇ ಶತಮಾನದ ಕೊನೆಯಲ್ಲಿ ಬರೆದ. ಅಲ್ಲಿತನಕ ಸಿಡಿಲು ಬಿದ್ದ ಗುರುತು ಅಂತ ಕೆಲವರು, ಕಿನ್ನರಿಯರು ಕುಣಿದ ಜಾಗ ಅಂತ ಬಹಳ ಜನ ಹೇಳುತ್ತಿದ್ದರು.

ಎಳೆಗಳು ಮಣ್ಣಿನಲ್ಲಿ ಕೊಳೆತದ್ದನ್ನು ಕರಗಿಸುತ್ತಾ ಹೋದಾಗ ಸಾರಜನಕ ಹೊರಗೆ ಬರುತ್ತದೆ, ಅದನ್ನು ತಿಂದು ಹೊರಗಿನ ಹುಲ್ಲು ಕೊಬ್ಬುತ್ತದೆ. ನಮ್ಮ ಕಡೆ ಹೊಲದಲ್ಲಿ ಕುರಿ ತರುಬಿದ ಜಾಗ ಮುಂದಿನ ಬೆಳೆಯಲ್ಲಿ ಎದ್ದು ಕಾಣುತ್ತದಲ್ಲ, ಹಾಗೆ. ಜಪಾನಿನ ಶಿಜುವೊಕಾ ವಿಶ್ವವಿದ್ಯಾಲಯದ ಹಿರೊಕಾಜು ಕವಾಗಿಶಿ ಅವರ ತಂಡ, ಬಳೆ ಕಟ್ಟುವ ಒಂದು ಅಣಬೆಯಲ್ಲಿ ಹುಲ್ಲನ್ನು ಬೆಳೆಸುವ ಒಂದು ರಾಸಾಯನಿಕವೂ ಇದೆ ಅಂತ 2010ರಲ್ಲಿ ತೋರಿಸಿಕೊಟ್ಟಿತು. ಆದರೆ ಅದೇ ಎಳೆಗಳು ಒತ್ತೊತ್ತಾಗಿ ತುಂಬಿಕೊಂಡ ಕಡೆ ಮಣ್ಣು ನೀರು ಕುಡಿಯುವುದನ್ನೇ ಬಿಡುತ್ತದೆ, ಅಲ್ಲಿ ಹುಲ್ಲು ಸಾಯುತ್ತದೆ. ಚೆಂಬಿನ ನೀರು ಉರುಳಿ ಹೋಗಿದ್ದು ಇದಕ್ಕೇ.

ಹಾಗಾದರೆ ನೋಡಿ. ಬಳೆ ಒಂದೇ. ಒಂದು ಗೇಣು ಹೊರಗಿರುವ ಹುಲ್ಲಿಗೆ ಅದು ಗೊಬ್ಬರ, ಒಂದು ಗೇಣು ಒಳಗಿರುವ ಹುಲ್ಲಿಗೆ ಅದು ಸಾವು, ಆಡಿಗೆ ಬರೀ ಮೇವು. ಮನುಷ್ಯರ ಲೆಕ್ಕ ಇನ್ನೂ ಬೇರೆ. ಬಳೆ ಕಟ್ಟುವ ಅಣಬೆಗಳಲ್ಲಿ ಮರಾಸ್ಮಿಯಸ್ ಒರಿಯಾಡಿಸ್ ಅನ್ನೋದನ್ನು ಯೂರೋಪಿನ ಜನ ಹೆಕ್ಕಿ ತಂದು ಅಡುಗೆ ಮಾಡುತ್ತಾರೆ. ಕ್ಲೋರೋಫಿಲಮ್ ಮೊಲಿಬ್ಡೈಟಿಸ್ ಅನ್ನೋದನ್ನು ತಿಂದರೆ ವಾಂತಿ ಭೇದಿ ಹಿಡಿದು ಆಸ್ಪತ್ರೆ ಸೇರಬೇಕಾಗಬಹುದು. (ಮಕ್ಕಳು ಇದನ್ನು ಓದುತ್ತಿದ್ದರೆ: ನೋಡಿ, ಬಾಗಿ ಎಣಿಸಿ, ಆದರೆ ಯಾವ ಅಣಬೆಯನ್ನೂ ಬಾಯಿಗೆ ಹಾಕಬೇಡಿ.) ನಿಜವಾದ ಬಳೆಯೇ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುವಾಗ ಕಥೆಯ ಬಳೆ ಮಾತ್ರ ಎಲ್ಲರಿಗೂ ಒಂದೇ ಥರ ಇರಬೇಕು ಅಂದರೆ ಹೇಗೆ?

ಈಗ ಅವಳ ಕಥೆಗೆ ಬರುತ್ತೇನೆ. ಆ ಕೆಂಪು ಸಾಲು ಬರೆದವರು ಓದಿಲ್ಲ ಅಂತ ನಾನು ಹೇಳುವುದಿಲ್ಲ. ಓದಿದ್ದೀರಿ, ಆದರೆ ನಿಯಮ ಕಣ್ಣಿಗೆ ಬಿದ್ದಿಲ್ಲ. ಅವಳ ಲೋಕದಲ್ಲಿ ಕಿನ್ನರಿ ಬಳೆಗೆ ಇರುವ ನಿಯಮ ಒಂದೇ ಒಂದು: ಬಳೆ ಹೊತ್ತನ್ನು ತಿನ್ನುತ್ತದೆ. ಯಾರು ಒಳಗೆ ಬಂದರೂ ಅವರ ಹತ್ತಿರ ಇರುವ ಹೊತ್ತನ್ನು ತಿನ್ನುತ್ತದೆ. ಇದನ್ನು ಅವಳು ಆರನೇ ಪುಟದಲ್ಲೇ ಹೇಳಿದ್ದಾಳೆ. ಉಳಿದಿದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಯಾಕಂದರೆ ಒಂದೊಂದು ಜೀವದ ಹತ್ತಿರ ಇರುವ ಹೊತ್ತು ಬೇರೆ ಬೇರೆ.

ಸಿದ್ದು ಅನ್ನೋ ಹನ್ನೆರಡು ವರ್ಷದ ಹುಡುಗ ಬಳೆಯೊಳಗೆ ಹೋಗುತ್ತಾನೆ. ಅವನ ತಲೆ ತುಂಬ ನಾಳೆಗಳು. ನಾಳೆ ಸಂತೆಗೆ ಹೋಗಬೇಕು, ನಾಡಿದ್ದು ಈಜು ಕಲಿಯಬೇಕು, ದೊಡ್ಡವನಾದ ಮೇಲೆ ಲಾರಿ ಕೊಳ್ಳಬೇಕು. ಬಳೆ ಆ ನಾಳೆಗಳನ್ನು ಒಂದೊಂದಾಗಿ ತಿನ್ನುತ್ತದೆ. ಅವನಿಗೆ ಒಂದು ಕುಣಿತದ ಹೊತ್ತು, ಹೊರಗೆ ಮೂರು ವರ್ಷ.

ಆಡಿನ ಹತ್ತಿರ ನಾಳೆ ಇಲ್ಲ. ನಾನು ಟೈಪ್ ಮಾಡುವಾಗ ಇದೇ ಪ್ರಶ್ನೆ ಕೇಳಿದ್ದೆ, ಆಡಿಗೆ ಯಾಕೆ ಏನೂ ಆಗೋದಿಲ್ಲ ಅಂತ. ಅವಳು ನನ್ನನ್ನೇ ನೋಡಿ ಅಂದಳು, "ಮಾಮಾ, ಆಡಿಗೆ ನಾಳೆ ಅನ್ನೋದು ಇರಂಗಿಲ್ಲಲ್ಲ. ಬಳಿ ಅದರ ಕಡಿಂದ ಏನ್ ಕಸ್ಗೊಂತೈತಿ?" ನಾನು ಮರುಮಾತಾಡದೆ ಟೈಪ್ ಮಾಡಿದೆ.

ನಾಯಿ ಬಳೆಯ ಒಳಗೇ ಹೋಗುವುದಿಲ್ಲ. ಅದರ ಹೊತ್ತು ಅದರ ಹತ್ತಿರ ಇಲ್ಲ, ಯಜಮಾನನ ಹತ್ತಿರ ಇದೆ. ಸಿದ್ದು ಒಳಗಿದ್ದಾನೆ, ಅವನ ತಂಗಿ ನಿಂಗಿ ಹೊರಗಿದ್ದಾಳೆ, ನಾಯಿಯ ಹೊತ್ತು ಎರಡು ತುಂಡಾಗಿದೆ. ಅದು ಮೂರು ವರ್ಷ ಅಂಚಿನಲ್ಲೇ ಕೂರುತ್ತದೆ. ಊರವರು ಅಲ್ಲಿಗೇ ರೊಟ್ಟಿ ತಂದು ಹಾಕುತ್ತಾರೆ.

ಕಮ್ಮಾರ ಬಳೆಯೊಳಗೆ ಕಾಲಿಡುತ್ತಾನೆ, ಅವನಿಗೆ ಏನೂ ಆಗುವುದಿಲ್ಲ, ಆದರೆ ಅವನ ಸೊಂಟದಲ್ಲಿದ್ದ ಕುಡಗೋಲು ಒಂದೇ ಕ್ಷಣದಲ್ಲಿ ತುಕ್ಕು ಹಿಡಿದು ಪುಡಿಯಾಗುತ್ತದೆ. ಅವನ ಬದಲು ಕಬ್ಬಿಣ ಮುದಿಯಾಗುತ್ತದೆ. ಯೂರೋಪಿನ ಜನಪದದಲ್ಲೂ ಕಿನ್ನರಿಯರಿಂದ ಮನುಷ್ಯರನ್ನು ಕಬ್ಬಿಣ ಕಾಪಾಡುತ್ತದೆ. ಅವಳಿಗೆ ಅದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದಿದ್ದು ತನ್ನ ತಮ್ಮ ಹುಟ್ಟಿದಾಗ ಆಯಿ ಬಾಣಂತಿಯ ತಲೆದಿಂಬಿನ ಕೆಳಗೆ ಕುಡಗೋಲು ಇಟ್ಟಿದ್ದು. ಅಷ್ಟರಿಂದಲೇ ಅವಳು ಅಲ್ಲಿಗೆ ಬಂದು ಮುಟ್ಟಿದ್ದಾಳೆ.

ಬಳೆಯ ಅಂಚಿನಲ್ಲಿ ಒಂದು ಬೇವಿನ ಮರ. ಅದರ ಬೇರು ಒಳಗೆ ಹೋಗಿದೆ. ಮರ ಹೊತ್ತನ್ನು ಕಳೆದುಕೊಳ್ಳುವುದಿಲ್ಲ, ಮೈಯಲ್ಲೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೇರಿನ ಕಡೆಯ ಅರ್ಧ ಕಾಂಡ ಇನ್ನರ್ಧಕ್ಕಿಂತ ದಪ್ಪ.

ಕಿನ್ನರಿಯರ ವಿಷಯದಲ್ಲಿ ಅವಳು ಮಾಡಿದ್ದು ನನಗೆ ಬಹಳ ಹಿಡಿಸಿತು. ಅವರಿಗೆ ಬಳೆ ಬಲೆಯಲ್ಲ, ಅದು ಅವರ ಅಂಗಳ. ಅವರಿಗೆ ನಮ್ಮ ಊರೇ ಬಲೆ. ಒಬ್ಬ ಕಿನ್ನರಿ ರೊಟ್ಟಿಯ ವಾಸನೆಗೆ ಬಳೆ ದಾಟಿ ನಿಂಗಿಯ ಮನೆ ಬಾಗಿಲಿಗೆ ಬರುತ್ತಾಳೆ. ನಿಂಗಿಯ ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಆ ಕಿನ್ನರಿಯ ಅರ್ಧ ತಲೆ ಬೆಳ್ಳಗಾಗಿರುತ್ತದೆ. ಅವ್ವ ರೊಟ್ಟಿಯನ್ನು ಅವಳ ಕೈಗೆ ಕೊಟ್ಟು, "ಓಡವ್ವಾ, ಲಗೂನ ಓಡು" ಅನ್ನುತ್ತಾಳೆ. ತನ್ನ ಮಗನನ್ನು ಇಟ್ಟುಕೊಂಡವರ ಮನೆಯ ಹುಡುಗಿಗೆ! ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಹೊತ್ತು ಹೊಂದುವುದಿಲ್ಲ ಅಷ್ಟೇ. ಎಂಟನೇ ತರಗತಿಯ ಹುಡುಗಿ ಇದನ್ನು ಬರೆದಿದ್ದಾಳೆ.

ಇನ್ನು ಸತ್ತುಹೋದ ಅಜ್ಜಿ. ಅವಳ ದೆವ್ವ ಮೊಮ್ಮಗನನ್ನು ಹುಡುಕಿಕೊಂಡು ಬರುತ್ತದೆ, ಬಳೆಯ ನಡುವಿನಿಂದಲೇ ಹಾದು ಹೋಗುತ್ತದೆ. ಅವಳ ಹತ್ತಿರ ಹೊತ್ತೇ ಉಳಿದಿಲ್ಲ, ಹಾಗಾಗಿ ಬಳೆ ಅವಳಿಗೆ ಕಾಣುವುದಿಲ್ಲ. ಒಳಗೆ ಕುಣಿಯುತ್ತಿರುವ ಮೊಮ್ಮಗನೂ ಕಾಣುವುದಿಲ್ಲ. ಅವನ ಮೈಯೊಳಗಿಂದಲೇ ದಾಟಿ ಹೋಗಿ ಕಟ್ಟೆ ಮೇಲೆ ಕೂತು "ಸಿದ್ದೂ" ಅಂತ ಕರೆಯುತ್ತಾಳೆ. ಇದನ್ನು ಟೈಪ್ ಮಾಡುವಾಗ ನಾನು ಸ್ವಲ್ಪ ಹೊತ್ತು ಕೀಲಿಮಣೆಯಿಂದ ಕೈ ತೆಗೆದಿದ್ದೆ.

ಈಗ ಹೇಳಿ, ಎಲ್ಲರಿಗೂ ಒಂದೇ ಪರಿಣಾಮ ಆಗಿದ್ದರೆ ಸಿದ್ದುವನ್ನು ಹೊರಗೆ ತರುವುದು ಹೇಗೆ? ಕಮ್ಮಾರ ಮೊದಲು ಸರಪಳಿ ಎಸೆಯುತ್ತಾನೆ, ಅದು ತುಕ್ಕು ಹಿಡಿದು ಉದುರುತ್ತದೆ. ಅಪ್ಪ ಒಳಗೆ ನುಗ್ಗಲು ಹೊರಟಾಗ ಊರವರು ತಡೆಯುತ್ತಾರೆ, ಅವನಿಗೂ ನಾಳೆಗಳಿವೆ. ಕೊನೆಗೆ ನಿಂಗಿಯೇ ಆಡನ್ನು ಗಮನಿಸುತ್ತಾಳೆ, ಅದು ಆರಾಮಾಗಿ ಒಳಗೆ ಹೋಗಿ ಬರುತ್ತಿದೆ. ಹಸಿ ಪುಂಡಿ ನಾರಿನಿಂದ ಹಗ್ಗ ಹೊಸೆದು ಆಡಿನ ಕೊರಳಿಗೆ ಕಟ್ಟುತ್ತಾಳೆ. ಸಿದ್ದು ಹಗ್ಗ ಹಿಡಿಯುತ್ತಾನೆ. ಒಳಗೆ ಒಂದೇ ಒಂದು ಎಳೆತ, ಹೊರಗೆ ದೀಪ ಹಚ್ಚಿದ ಹೊತ್ತಿನಿಂದ ಕೋಳಿ ಕೂಗುವವರೆಗೆ ಆಡು ಎಳೆಯುತ್ತಲೇ ಇರುತ್ತದೆ. ಹೊರಬಂದ ಹಗ್ಗದ ತುದಿ ಚಿಗುರಿರುತ್ತದೆ, ಬೇವಿನ ಮರಕ್ಕೆ ಆದದ್ದೇ ಹಸಿ ನಾರಿಗೂ ಆಗಿದೆ. ಇದನ್ನು ಅವಳು ಎಲ್ಲೂ ಬಿಡಿಸಿ ಹೇಳಿಲ್ಲ, ಓದುವವರಿಗೆ ಬಿಟ್ಟಿದ್ದಾಳೆ.

ಸಿದ್ದು ಒಳಗೆ ಹೋದಾಗ ಅವನಿಗೆ ಹನ್ನೆರಡು, ನಿಂಗಿಗೆ ಹತ್ತು. ಹೊರಗೆ ಬಂದಾಗ ಅವನಿಗೆ ಹನ್ನೆರಡೇ, ಅವಳಿಗೆ ಹದಿಮೂರು. ಅವನು ಕಣ್ಣುಜ್ಜಿಕೊಂಡು ಎದುರಿಗಿದ್ದ ದೊಡ್ಡ ಹುಡುಗಿಯನ್ನು ನೋಡಿ, ಗುರುತು ಸಿಗದೆ, "ಅಕ್ಕಾ, ನಮ್ಮ ನಿಂಗಿ ಎಲ್ಲಿ?" ಅಂತ ಕೇಳುತ್ತಾನೆ.

ಇದು 19ನೇ ಪುಟ. ಇಂಥ ಕಥೆಗೆ ತರ್ಕವಿಲ್ಲ ಅಂತ ಬರೆದಿದ್ದೀರಿ.

ಎರಡನೇ ಸಾಲಿನ ಬಗ್ಗೆಯೂ ಹೇಳಬೇಕು. ಕಿನ್ನರಿ ಬಳೆ ಹೊರದೇಶದ ಕಲ್ಪನೆ ಅಂತ ನೀವು ಅಂದಿರಿ. ಹೌದು, ಅಲ್ಲಿ ಇದರ ಕಥೆಗಳು ರಾಶಿ ಇವೆ. ವೇಲ್ಸ್ ಸೀಮೆಯ ಕಥೆಗಳಲ್ಲಿ ಕುಣಿತಕ್ಕೆ ಸಿಕ್ಕವನಿಗೆ ಕೆಲವೇ ನಿಮಿಷ ಅನ್ನಿಸಿದ್ದು ಹೊರಗೆ ಒಂದು ವರ್ಷ ಆಗಿರುತ್ತದೆ. ಅವನನ್ನು ಎಳೆಯಲು ಹೋದ ಗೆಳೆಯನ ಕೋಟಿನ ತುದಿಯನ್ನು ಉಳಿದವರು ಹೊರಗೆ ನಿಂತು ಹಿಡಿದುಕೊಂಡಿರುತ್ತಾರೆ. ಜರ್ಮನಿಯವರು ಇದನ್ನು ಮಾಟಗಾತಿಯರ ಬಳೆ ಅನ್ನುತ್ತಾರೆ, ಏಪ್ರಿಲ್ 30ರ ರಾತ್ರಿ ಅವರು ಅಲ್ಲಿ ಕುಣಿಯುತ್ತಾರೆ ಅಂತ ನಂಬಿಕೆ. ಡಚ್ಚರು ಅಲ್ಲಿ ಸೈತಾನ ಹಾಲು ಕಡೆಯುವ ಪಾತ್ರೆ ಇಡುತ್ತಾನೆ ಅಂದರು, ಅಲ್ಲಿ ಮೇಯ್ದ ಹಸುವಿನ ಹಾಲು ಕೆಡುತ್ತದಂತೆ. ವೇಲ್ಸಿನ ಗುಡ್ಡದವರು ಮಾತ್ರ ಅಲ್ಲಿ ಮೇಯ್ದ ಕುರಿ ಕೊಬ್ಬುತ್ತದೆ ಅಂದರು. ಗಮನಿಸಿ, ಅಲ್ಲೂ ಮನುಷ್ಯನಿಗೆ ಒಂದು, ಹಸುವಿಗೆ ಒಂದು, ಕುರಿಗೆ ಇನ್ನೊಂದು. ಯಾರೂ ಅವರನ್ನು ತರ್ಕ ಕೇಳಲಿಲ್ಲ.

ಆಫ್ರಿಕಾದ ನಮೀಬಿಯಾದಲ್ಲಿ ಅಣಬೆಯೇ ಇಲ್ಲದ ಬಳೆಗಳಿವೆ, ಮರುಭೂಮಿಯ ಅಂಚಿನ ಹುಲ್ಲಿನಲ್ಲಿ ಸಾವಿರಾರು ಬೋಳು ವೃತ್ತಗಳು. ಅಲ್ಲಿನ ಹಿಂಬಾ ಜನ ಅದನ್ನು ತಮ್ಮ ಮೂಲಪುರುಷ ಮುಕುರುವಿನ ಕೆಲಸ ಅನ್ನುತ್ತಾರೆ. ಗೆದ್ದಲು ಕಾರಣ ಅಂತ ನಾರ್ಬರ್ಟ್ ಯೂರ್ಗೆನ್ಸ್ ಅನ್ನೋ ವಿಜ್ಞಾನಿ 2013ರಲ್ಲಿ ಬರೆದರು, ನೀರಿಗಾಗಿ ಹುಲ್ಲುಗಳೇ ಹೀಗೆ ಜಾಗ ಹಂಚಿಕೊಳ್ಳುತ್ತವೆ ಅಂತ ಬೇರೆಯವರು ವಾದಿಸುತ್ತಾರೆ. ಅಲ್ಲೂ ವೃತ್ತದ ಒಳಗೆ ಬೋಳು, ಅಂಚಿನ ಹುಲ್ಲು ಮಾತ್ರ ಎತ್ತರ.

ಆದರೆ ವೃತ್ತ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ವೇಲ್ಸಿನವರು ಕಲಿಸಬೇಕಾ? ಎಳ್ಳಮಾಸಿಗೆ ನಾವು ಹೊಲದ ಸುತ್ತ ನಡೆದು ಚರಗ ಚೆಲ್ಲುತ್ತೇವೆ. ಸಜ್ಜಿ ರೊಟ್ಟಿ, ಕಡುಬು, ಪಲ್ಯ ಎಲ್ಲ ಕಲಸಿ ಸುತ್ತಲೂ ಎಸೆಯುತ್ತೇವೆ. ಭೂತಾಯಿಗೆ ಅದು ಬಯಕೆಯ ಊಟ, ಹಕ್ಕಿಗೆ ಹೊಟ್ಟೆ ತುಂಬುವ ಕಾಳು, ಇರುವೆಗೆ ಒಂದು ವಾರದ ಬುತ್ತಿ, ಕಣ್ಣಿಗೆ ಕಾಣದವರಿಗೂ ಒಂದು ಪಾಲು. ಒಂದೇ ಸುತ್ತು, ಪಾಲು ಮಾತ್ರ ಬೇರೆ ಬೇರೆ. ದ್ಯಾಮವ್ವನ ಜಾತ್ರೆಯ ಕಾಲಕ್ಕೆ ಕೆಲವು ಊರುಗಳಲ್ಲಿ ಹೊರಬೀಡು ಬಿಡುತ್ತಾರೆ, ಊರಿಗೆ ಊರೇ ದನಕರು ಹೊಡೆದುಕೊಂಡು ಸೀಮೆಯ ಹೊರಗೆ ಹೋಗಿ ದಿನ ಕಳೆಯುತ್ತದೆ. ಆ ಹೊತ್ತಿನಲ್ಲಿ ಅಗಸಿಯ ಒಳಗೆ ಮನುಷ್ಯರು ಇರಬಾರದು, ಅಲ್ಲಿರುವುದು ತಾಯಿಯ ಹೊತ್ತು. ಇಂಥ ಊರುಗಳ ನಡುವೆ ಬೆಳೆದ ಹುಡುಗಿಗೆ, ಗೆರೆಯ ಒಳಗೆ ಒಂದು ಹೊತ್ತು ಹೊರಗೆ ಇನ್ನೊಂದು ಹೊತ್ತು ಅನ್ನೋದು ಹೊಸ ಮಾತಲ್ಲ.

ಕಥೆಯಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 11ನೇ ಪುಟದಲ್ಲಿ ಒಂದು ಬೆಕ್ಕು ಬಳೆ ದಾಟಿ ಹೋಗುತ್ತದೆ, ಅದಕ್ಕೆ ಏನಾಯಿತು ಅಂತ ಎಲ್ಲೂ ಇಲ್ಲ. ಬೆಕ್ಕಿಗೆ ನಾಳೆ ಇದೆಯೋ ಇಲ್ಲವೋ, ಅದರ ಹೊತ್ತು ಮನೆಯದೋ ಯಜಮಾನನದೋ, ಅದನ್ನು ಅವಳು ಯೋಚಿಸಬೇಕಿತ್ತು. ಊರವರು ಸಿದ್ದುವಿನ ಅಪ್ಪನನ್ನು ತಡೆಯುವ ಭಾಗವೂ ಅವಸರದಲ್ಲಿ ಮುಗಿದಿದೆ. ನೀವು ಕೆಂಪು ಪೆನ್ನಿನಲ್ಲಿ "ಬೆಕ್ಕು ಏನಾಯಿತು?" ಅಂತ ಬರೆದಿದ್ದರೆ ಅವಳು ಅದೇ ರಾತ್ರಿ ಕೂತು ಎರಡು ಪುಟ ಬರೆಯುತ್ತಿದ್ದಳು. ಪ್ರಶ್ನೆ ಕೇಳಿದರೆ ಮಕ್ಕಳು ಬರೆಯುತ್ತಾರೆ. ತರ್ಕವಿಲ್ಲ ಅಂತ ಮುಚ್ಚಿಬಿಟ್ಟರೆ ಡಬ್ಬಿಯ ಹಿಂದೆ ಇಡುತ್ತಾರೆ.

ನನ್ನ ಕೋರಿಕೆ ಜಾಸ್ತಿ ಏನಿಲ್ಲ. ಬಹುಮಾನ ಬದಲಿಸಿ ಅಂತ ಕೇಳುತ್ತಿಲ್ಲ. ಮುಂದಿನ ಸಲ ಮಾಯೆ, ಮಂತ್ರ, ಬೇರೆ ಲೋಕ ಇರುವ ಕಥೆ ಕೈಗೆ ಬಂದರೆ, ಆ ಲೋಕದ ನಿಯಮ ಯಾವ ಪುಟದಲ್ಲಿದೆ ಅಂತ ಮೊದಲು ಹುಡುಕಿ. ಸಿಕ್ಕ ಮೇಲೆ ಆ ನಿಯಮಕ್ಕೆ ಕಥೆ ನಿಯತ್ತಾಗಿದೆಯಾ ಅಂತ ನೋಡಿ. ಸಿಗದಿದ್ದರೆ ಮಗುವನ್ನೇ ಕೇಳಿ, ನಾನು ಆಡಿನ ಬಗ್ಗೆ ಕೇಳಿದ ಹಾಗೆ. ಸಾಧ್ಯವಾದರೆ 19ನೇ ಪುಟವನ್ನು ಇನ್ನೊಮ್ಮೆ ಓದಿ. ಪ್ರತಿ ಬೇಕಿದ್ದರೆ ನಾನೇ ಪ್ರಿಂಟ್ ತೆಗೆದು ತಂದುಕೊಡುತ್ತೇನೆ.

ಹೋದ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಣಬೆಗಳು ಕರಗಿ ಹೋಗಿವೆ, ಹಸಿರು ಬಳೆ ಮಾತ್ರ ಇನ್ನೂ ಕಾಣುತ್ತದೆ, ಅಳೆದು ನೋಡಿದರೆ ಎಂಟು ಹೆಜ್ಜೆಗಿಂತ ಒಂದು ಪಾದ ಹೆಚ್ಚೇ ಬಂತು. ನೋಟ್‌ಬುಕ್ಕು ಇನ್ನೂ ಎಣ್ಣೆ ಡಬ್ಬಿಯ ಹಿಂದೆಯೇ ಇತ್ತು. ಊಟಕ್ಕೆ ಕೂತಾಗ ಬೆಕ್ಕು ಬಂದು ಅವಳ ತೊಡೆ ಏರಿತು. ಅವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಮಾಮಾ, ಬೆಕ್ಕು ನಾಳಿನ ಬಗ್ಗೆ ವಿಚಾರ ಮಾಡ್ತೈತೇನು?"

ಇತಿ,
ಅವಳ ಸೋದರಮಾವ
ಬೆಳಗಾವಿ